ಸಹಾಯ ಬೇಕು: ಇಬ್ಬರ ಮನಸ್ತಾಪದಲ್ಲಿ ಎಲ್ಲಿಯವರೆಗೆ ಸುಮ್ನೆ ಕೇಳಿಸಿಕೊಳ್ಳಬೇಕು?

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು.

ನಾನು ನಡೆಸುವ ಪ್ರಾರ್ಥನಾ ಕೂಟದಲ್ಲಿ ಇಬ್ಬರು ಸಹೋದರಿಯರು ಮಾತು ಬಿಟ್ಟಿದ್ದಾರೆ. ಒಬ್ಬರು ನಂಬಿ ಹೇಳಿದ ಮನೆ ವಿಷಯವನ್ನು ಇನ್ನೊಬ್ಬರು "ಇದಕ್ಕಾಗಿ ಪ್ರಾರ್ಥಿಸಿ" ಅಂತ ಎಲ್ಲರ ಮುಂದೆ ಹೇಳಿಬಿಟ್ಟರಂತೆ. (ಪ್ರಾರ್ಥನೆಯ ಹೆಸರಲ್ಲಿ ಹೀಗೆ ಗುಟ್ಟು ರಟ್ಟಾಗುವುದು ಜಾಸ್ತಿ, ಅಲ್ವಾ?)

"ಕೇಳುವುದರಲ್ಲಿ ಚುರುಕು, ಮಾತಿನಲ್ಲಿ ನಿಧಾನ" ಅನ್ನುವ ಬೈಬಲಿನ ಯಾಕೋಬ 1:19ರ ಬುದ್ಧಿಮಾತಿನಂತೆ ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ಕೇಳಿದೆ. ಒಬ್ಬರು ಫೋನ್ ತೆಗೆದು ಹಳೇ ಮೆಸೇಜುಗಳನ್ನು ಒಂದೊಂದಾಗಿ ಓದುತ್ತಾರೆ. ಇನ್ನೊಬ್ಬರು ಮಾತಿನ ಮಧ್ಯೆ ನಿಲ್ಲಿಸಿ, "ನೀವೇ ಹೇಳಿ ಬ್ರದರ್, ತಪ್ಪು ಯಾರದು?" ಅನ್ನುತ್ತಾರೆ. ನಾನು "ಹೂಂ" ಅಂದರೂ ಸಾಕು, ಅವರ ಪಕ್ಷ ಅಂತ ಲೆಕ್ಕ. ಸುಮ್ಮನಿದ್ದರೆ, ನನಗೆ ಕಾಳಜಿ ಇಲ್ಲ ಅಂತ.

ಯೆಹೋಶುವ 22 ಓದಿದೆ. ಯೊರ್ದನ್ ನದಿಯ ಬಳಿ ಪೂರ್ವದ ಕುಲಗಳವರು ಯಜ್ಞವೇದಿ ಕಟ್ಟಿದ್ದಕ್ಕೆ ಅವರ ಮೇಲೆ ಯುದ್ಧಕ್ಕೇ ಹೊರಟ ಉಳಿದ ಇಸ್ರಾಯೇಲ್ಯರು, ಮೊದಲು ಯಾಜಕನ ಮಗ ಫೀನೆಹಾಸನನ್ನೂ 10 ಮಂದಿ ಮುಖಂಡರನ್ನೂ ಕಳಿಸಿ ವಿಚಾರಿಸಿದರು. ವೇದಿ ಬಲಿಗಲ್ಲ, ಸಾಕ್ಷಿಗೆ ಅಂತ ಗೊತ್ತಾಗಿ ಯುದ್ಧ ತಪ್ಪಿತು. ಅಲ್ಲಿ ಎದುರುಬದುರು ಮಾತಾಯಿತು. ಮತ್ತಾಯ 18:15 ಕೂಡ ನೊಂದವರೇ ಹೋಗಿ, ಇಬ್ಬರೇ ಇರುವಾಗ ಮಾತಾಡಿ ಅನ್ನುತ್ತದೆ. ಆದರೆ ಇಲ್ಲಿ ನೊಂದವರು ಆಕೆಯ ಮುಖ ನೋಡುವುದಕ್ಕೂ ಒಪ್ಪುತ್ತಿಲ್ಲ. ಬಲವಂತ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ಹೇಳಿ: ನಾನು ಇನ್ನೂ ಬೇರೆ ಬೇರೆಯಾಗಿಯೇ ಕೇಳುತ್ತಿರಬೇಕಾ, ಇಲ್ಲ ಇಬ್ಬರನ್ನೂ ಒಟ್ಟಿಗೆ ಕೂರಿಸಬೇಕಾ? ಕೂರಿಸುವುದಾದರೆ ಮೊದಲು ಯಾರಿಗೆ ಮಾತಾಡಲು ಬಿಡಬೇಕು?