ಒಬ್ಬರೇ ಬರೆದ ಪ್ರಬಂಧದಲ್ಲಿ ಈ ‘ನಾವು’ ಯಾರು?

ಪ್ರಶ್ನೆ: ದತ್ತಾಂಶ ಸಂಕೋಚನದ ಕುರಿತ ಸಂಶೋಧನಾ ಪ್ರಬಂಧವೊಂದನ್ನು ಓದುತ್ತಿದ್ದೇನೆ. ಲೇಖಕರು ಒಬ್ಬರೇ ಆದರೂ ಉದ್ದಕ್ಕೂ ‘ನಾವು ಸಾಧಿಸಿದ್ದೇವೆ’, ‘ನಾವು ತೋರಿಸುತ್ತೇವೆ’ ಎಂದಿದೆ. ಪ್ರಯೋಗ ಕೈಕೊಟ್ಟ ಕಡೆ ಮಾತ್ರ ‘ದೋಷ ಕಂಡುಬಂದಿತು’ ಎಂದು ಕರ್ತೃವೇ ನಾಪತ್ತೆ. ಈ ಶೈಲಿಗೆ ಸಮರ್ಥನೆಯೇನಾದರೂ ಇದೆಯೇ?

ಉತ್ತರ: ಗಣಿತದ ಬರವಣಿಗೆಯಲ್ಲಿ ‘ನಾವು’ ಎಂದರೆ ಲೇಖಕರೂ ಓದುಗರೂ ಜೊತೆಯಾಗಿ ತರ್ಕದ ಹೆಜ್ಜೆಗಳನ್ನು ಇಡುತ್ತಿದ್ದಾರೆಂಬ ಒಪ್ಪಂದ, ಅಷ್ಟರಮಟ್ಟಿಗೆ ಸರಿ. ‘ನಾವು ಹೊಸ ಉಪಕರಣ ಖರೀದಿಸಿದೆವು’ ಎಂದಾಗ ಮಾತ್ರ ಓದುಗರನ್ನೂ ಖರ್ಚಿಗೆ ಎಳೆದಂತಾಗುತ್ತದೆ.

ಉತ್ತರ: ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ ಅವರಿಗೂ ಇದೇ ತೊಡಕು ಎದುರಾಗಿತ್ತು. ಏಕವ್ಯಕ್ತಿ ಲೇಖನದಲ್ಲಿ ‘ನಾವು’ ಇದ್ದರೆ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆ ಹಿಂದಿರುಗಿಸೀತೆಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದಾಗ, ಇಡೀ ಹಸ್ತಪ್ರತಿಯನ್ನು ಮತ್ತೆ ಬೆರಳಚ್ಚು ಮಾಡಲು ಮನಸ್ಸಿಲ್ಲದೆ, ತಮ್ಮ ಸಾಕುಬೆಕ್ಕು ಚೆಸ್ಟರನ್ನು ಎಫ್. ಡಿ. ಸಿ. ವಿಲ್ಲರ್ಡ್ ಎಂಬ ಹೆಸರಿನಲ್ಲಿ ಸಹಲೇಖಕನಾಗಿ ಸೇರಿಸಿದರು. 1975ರಲ್ಲಿ ಲೇಖನ ಪ್ರಕಟವೂ ಆಯಿತು. ವ್ಯಾಕರಣದ ದೃಷ್ಟಿಯಿಂದ ಇದಕ್ಕಿಂತ ಪ್ರಾಮಾಣಿಕವಾದ ಬಹುವಚನ ನನಗಂತೂ ತೋಚುವುದಿಲ್ಲ.

ಉತ್ತರ: ‘ನಾವು’ ಹೇಗೋ ಸಹ್ಯ. ಸಮೀಕರಣವೊಂದರ ಕೆಳಗೆ ‘ಇದು ಸ್ಪಷ್ಟ’ ಎಂದು ಬರೆದು, ಅದರ ಸಾಧನೆಯನ್ನು ಪುಟಗಟ್ಟಲೆಯ ಅನುಬಂಧಕ್ಕೆ ತಳ್ಳುವವರ ಮೇಲೆಯೇ ನನ್ನ ತಕರಾರು.

ಪ್ರಶ್ನೆ ಕೇಳಿದವರು: ಈ ಪ್ರಬಂಧದಲ್ಲಿ ಅನುಬಂಧವೂ ಇಲ್ಲ, ಆ ಸಾಧನೆಯನ್ನು ‘ಓದುಗರ ಅಭ್ಯಾಸಕ್ಕೆ’ ಬಿಡಲಾಗಿದೆ.