ಕಡಲತೀರದ ಹಳ್ಳಿಗಳ ಸುತ್ತ ಸುಲಭದ ಸೈಕಲ್ ಸವಾರಿ: ಹೋಗಿ ಬಂದವರು ಸ್ವಲ್ಪ ಹೇಳ್ತೀರಾ?

ಪ್ರಶ್ನೆ: ನಾನು, ಅಕ್ಕ ಇಬ್ಬರೂ ಸೈಕಲ್ ತುಳಿಯಲು ಶುರು ಮಾಡಿ ಆರು ತಿಂಗಳಾಯಿತು. ಒಂದೇ ಸಲಕ್ಕೆ ಹೋಗಿರುವುದು ಜಾಸ್ತಿ ಅಂದರೆ 20 ಕಿ.ಮೀ. ಈಗ ಕಡಲಂಚಿನ ನಾಲ್ಕೈದು ಹಳ್ಳಿ ಹಾದು, ಹೊರಟ ಜಾಗಕ್ಕೇ ಬಂದು ಸೇರುವ 30 ಕಿ.ಮೀ. ಸುತ್ತು ಹಾಕುವ ಆಸೆ. ದಾರಿ ಪೂರ್ತಿ ಸಮತಟ್ಟು, ಏರು ಇಲ್ಲವೇ ಇಲ್ಲ. ಸೈಕಲ್ ಗೇರ್ ಇರುವ ಮಾಮೂಲಿಯದ್ದು. ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಕಡೆಯಿಂದ ಸುತ್ತಬೇಕು?

ಉತ್ತರ 1: ಏರು ಇಲ್ಲ ಅಂತ ಖುಷಿಪಡಬೇಡಿ. ಕಡಲ ಪಕ್ಕದಲ್ಲಿ ಗಾಳಿಯೇ ಏರು. ನಾನು ಮೊದಲ ಸಲ ಹೊರಟಿದ್ದು ಬೆಳಿಗ್ಗೆ ಹತ್ತಕ್ಕೆ. ಹೋಗುವಾಗ ಗಂಟೆಗೆ 20 ಕಿ.ಮೀ. ವೇಗ. ನನ್ನ ಕಾಲಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ವಾಪಸ್ ತಿರುಗಿದ ಮೇಲೆ ಗೊತ್ತಾಯಿತು, ಅಷ್ಟು ಹೊತ್ತು ತಳ್ಳಿದ್ದು ಕಾಲಲ್ಲ, ಬೆನ್ನಿಗಿದ್ದ ಗಾಳಿ. ಮಧ್ಯಾಹ್ನ ಎರಡು ಗಂಟೆಗೆ ವೇಗ 9ಕ್ಕೆ ಇಳಿದಿತ್ತು. ಕೊನೆಯ ಮೂರು ಕಿ.ಮೀ. ಇಳಿದು ತಳ್ಳಿಕೊಂಡೇ ಬಂದೆ, ಅದೂ ಹಲಗೆಯಂಥ ರಸ್ತೆಯಲ್ಲಿ.

ಬಿಸಿಲೇರಿದ ಹಾಗೆ ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಮೋಡ ಮಳೆ ಇಲ್ಲದ ದಿನ ಇದು ಬೆಳಗಿನ ಹೊತ್ತು ಕಳೆದ ಮೇಲೆ ಶುರುವಾಗಿ, ಮಧ್ಯಾಹ್ನದ ನಂತರ ಜೋರಾಗಿ, ಸಂಜೆಗೆ ತಣ್ಣಗಾಗುತ್ತದೆ. ರಾತ್ರಿ ಉಲ್ಟಾ, ನೆಲದಿಂದ ಕಡಲಿಗೆ, ಆದರೆ ಮೆಲ್ಲಗೆ. ಹಾಗಾಗಿ ಬೆಳಕು ಹರಿಯುವಾಗಲೇ ಹೊರಡಿ. ಗಾಳಿ ಏಳುವ ಮೊದಲು ಬಯಲಾಗಿರುವ ಕಡಲ ರಸ್ತೆ ಮುಗಿಸಿ. ವಾಪಸ್ ಬರುವುದು ಒಳಗಿನ ರಸ್ತೆಯಲ್ಲಿರಲಿ, ಅಲ್ಲಿ ಮರ, ಮನೆಗಳ ಮರೆ ಸಿಗುತ್ತದೆ. ಕಡಲು ಬಿಟ್ಟು ಒಳಕ್ಕೆ ತಿರುಗುವಾಗ ಗಾಳಿ ಬೆನ್ನಿಗೇ ಇರುತ್ತದೆ, ಅದು ಬೋನಸ್ಸು. ಎದುರುಗಾಳಿ ಸಿಕ್ಕಿತೋ, ಹಟ ಮಾಡಬೇಡಿ. ಹಗುರ ಗೇರಿಗೆ ಇಳಿದು, ಬಗ್ಗಿ ಕೂತು, ಸುಮ್ನೆ ತುಳಿಯುತ್ತಿರಿ.

ಉತ್ತರ 2: ದಿಕ್ಕಿನ ಬಗ್ಗೆ ನನ್ನ ಮಾತು ಸರಳ. ವಾಹನಗಳು ಎಡಬದಿಯಲ್ಲಿ ಹೋಗುವ ಕಡೆ ಸಮುದ್ರ ಎಡಕ್ಕಿರುವ ಹಾಗೆ ಹೊರಡಿ. ನಿಮಗೂ ನೀರಿಗೂ ನಡುವೆ ಒಂದು ಲಾರಿಯೂ ಅಡ್ಡ ಬರುವುದಿಲ್ಲ. ನಿಲ್ಲಬೇಕು ಅನ್ನಿಸಿದಲ್ಲಿ ರಸ್ತೆ ದಾಟದೆ ನಿಲ್ಲಬಹುದು. ಅಷ್ಟಕ್ಕೂ ಹೋಗುವುದೇ ಕಡಲು ನೋಡೋಕೆ, ಅಲ್ವಾ?

ಉತ್ತರ 3: ಮೇಲಿನವರ ಮಾತು ಕೇಳಲು ಚೆನ್ನಾಗಿದೆ. ಒಂದು ಚೀಟಿಯಲ್ಲಿ ಬರೆದು ನೋಡಿ. ಸಮುದ್ರ ಎಡಕ್ಕಿದ್ದರೆ ನೀವು ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತೀರಿ. ಆಗ ದೊಡ್ಡ ತಿರುವೆಲ್ಲ ಬಲಕ್ಕೆ. ಅಂದರೆ ಪ್ರತಿ ಸಲ ಎದುರಿನ ವಾಹನಗಳನ್ನು ದಾಟಿಯೇ ತಿರುಗಬೇಕು. ಉಲ್ಟಾ ಸುತ್ತಿದರೆ ಎಲ್ಲವೂ ಎಡ ತಿರುವು. ಒಳಗಿನ ರಸ್ತೆ ಹೆದ್ದಾರಿ ಅಥವಾ ಅದರಂಥದ್ದಾದರೆ ಹೊಸಬರು ಉಲ್ಟಾ ಸುತ್ತುವುದೇ ವಾಸಿ. ಕಡಲು ಬಲಕ್ಕಿದ್ದರೂ ಕಾಣುತ್ತದೆ ಮಾರಾಯ್ರೆ.

ಉತ್ತರ 4: 30 ಕಿ.ಮೀ. ಅನ್ನುವುದನ್ನು ಇನ್ನೊಮ್ಮೆ ಅಳೆಯಿರಿ. ನಕ್ಷೆಯಲ್ಲಿ ಎರಡು ಹಳ್ಳಿ ಪಕ್ಕಪಕ್ಕ ಕಾಣುತ್ತವೆ, ನಡುವೆ ಅಳಿವೆ ಇರುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರ, ಸೇತುವೆ ಮಾತ್ರ ಎಷ್ಟೋ ಒಳಗೆ. ದೋಣಿ ಇದ್ದರೆ ಸೈಕಲ್ ಹತ್ತಿಸುತ್ತಾರಾ, ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿಡಿ. ಸೇತುವೆ ಮೇಲೆ ಪಕ್ಕದಿಂದ ಗಾಳಿ ಹೊಡೆಯುತ್ತದೆ, ಅಂಚಿಗೆ ತೀರಾ ಒತ್ತಿಕೊಂಡು ಹೋಗಬೇಡಿ.

ಇನ್ನೊಂದು ಮರಳು. ಟಾರಿನ ಮೇಲೆ ತೆಳ್ಳಗೆ ಹರಡಿದ ಮರಳು ಕಾಣುವುದೇ ಇಲ್ಲ. ಅದರ ಮೇಲೆ ಬ್ರೇಕ್ ಒತ್ತಬಾರದು, ಹ್ಯಾಂಡಲ್ ತಿರುಗಿಸಬಾರದು. ಮೊದಲೇ ನಿಧಾನ ಮಾಡಿಕೊಂಡು ನೇರ ಹೋಗಿಬಿಡಿ. ನನ್ನ ಮೊಣಕೈ ಮೇಲಿನ ಗಾಯದ ಗುರುತು ಇದನ್ನು ಕಲಿತದ್ದರ ಲೆಕ್ಕ. ಮೀನುಗಾರರ ಹಳ್ಳಿಗಳಲ್ಲಿ ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ದಡದ ಹತ್ತಿರ ಗಲಾಟೆ ಜಾಸ್ತಿ. ಇಳಿದು ನಡೆಯಿರಿ. ಒಣಗಲು ಹರಡಿದ ಬಲೆಯ ಮೇಲೆ ಮಾತ್ರ ಯಾವತ್ತೂ ಹತ್ತಿಸಬೇಡಿ. ಅದು ಅವರ ದುಡಿಮೆಯ ಸಾಮಾನು. ಜೊತೆಗೆ ಆ ನೈಲಾನ್ ದಾರ ಹಿಂದಿನ ಚಕ್ರದ ಹಲ್ಲಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ದಿನ ಬೇಕು. ದೋಣಿ ಎಳೆಯುವ ಇಳಿಜಾರಿನಲ್ಲಿ ಪಾಚಿ ಇರುತ್ತದೆ, ಅಲ್ಲಿ ಫೋಟೊ ಆಸೆಯೂ ಬೇಡ.

ಉತ್ತರ 5: ಮರಳಿನ ಮೇಲೇ ತುಳಿಯುವ ಆಸೆ ಇದ್ದರೆ ಇಳಿತದ ಹೊತ್ತು ನೋಡಿಕೊಳ್ಳಿ. ನೀರು ಆಗಷ್ಟೇ ಬಿಟ್ಟುಹೋದ ಒದ್ದೆ ಮರಳು ಗಟ್ಟಿ. ಭರತ, ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ಬರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಭರತ ಇನ್ನೂ ಮೇಲಕ್ಕೆ ಬರುತ್ತದೆ. ನಾನಂತೂ ಸ್ವಂತ ಸೈಕಲನ್ನು ಉಪ್ಪುನೀರಿಗೆ ಇಳಿಸುವುದಿಲ್ಲ.

ಇಳಿಸದಿದ್ದರೂ ಉಪ್ಪು ಅಂಟಿಯೇ ಇರುತ್ತದೆ, ಗಾಳಿಯಲ್ಲೇ ಬರುತ್ತದಲ್ಲ. ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ. ಪೈಪಿನಿಂದ ಜೋರಾಗಿ ಬಿಡಬೇಡಿ, ಬೇರಿಂಗಿನೊಳಗೆ ನೀರು, ಮರಳು ಸೇರುತ್ತದೆ. ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಚೈನಿಗೆ ಎಣ್ಣೆ. ಮೈಗೆ ಸನ್‌ಸ್ಕ್ರೀನ್ ಮರೆಯಬೇಡಿ. ಗಾಳಿಗೆ ಚರ್ಮ ಸುಡುವುದು ಗೊತ್ತಾಗುವುದಿಲ್ಲ, ಬೆವರೂ ಆರಿಹೋಗುವುದರಿಂದ ನೀರು ಕುಡಿಯುವುದು ಮರೆಯುತ್ತದೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿ ಬಂದೆವು. ಬೆಳಕು ಹರಿಯುವಾಗ ಹೊರಟು, ಕಡಲು ಬಲಕ್ಕಿಟ್ಟುಕೊಂಡು, ಅಳಿವೆ ಸುತ್ತಿ ಬಂದಿದ್ದರಿಂದ 37 ಕಿ.ಮೀ. ಆಯಿತು. ಹತ್ತೂವರೆಗೆ ಮನೆ. ಗಾಳಿ ಏಳುವಷ್ಟರಲ್ಲಿ ನಾವು ಒಳಗಿನ ರಸ್ತೆಯಲ್ಲಿದ್ದೆವು. ಕಡಲು ಎಡಕ್ಕೇ ಇರಬೇಕಿತ್ತು ಅಂತ ಅಕ್ಕ ಇನ್ನೂ ಗೊಣಗುತ್ತಿದ್ದಾಳೆ. ಒಂದೇ ಅನುಮಾನ: ತೊಳೆದು ಎಣ್ಣೆ ಹಾಕಿದ ಮೇಲೂ ಮುಂದಿನ ಬ್ರೇಕ್ ಕಿರ್ರ್ ಅನ್ನುತ್ತಿದೆ.

ಉತ್ತರ 5: ಬ್ರೇಕಿನ ರಬ್ಬರಿನಲ್ಲಿ ಮರಳಿನ ಕಾಳು ಕೂತಿರುತ್ತದೆ, ಬಿಚ್ಚಿ ಕೆರೆದು ತೆಗೆಯಿರಿ. ಎಣ್ಣೆ ಹಾಕಿದ್ದು ಚೈನಿಗೆ ತಾನೇ?