ಸೇಬಿನ ರಸದ ಹುದುಗುವಿಕೆ ನಡುವೆ ನಿಧಾನವಾದರೆ ಏನು ಮಾಡಬೇಕು?

ಪ್ರಶ್ನೆ (ಬದಿಯಡ್ಕ):
ವಿನೆಗರ್ ಮಾಡುವ ಉದ್ದೇಶದಿಂದ ಸೇಬಿನ ರಸವನ್ನು ಗಾಜಿನ ಭರಣಿಯಲ್ಲಿ ಹುದುಗಲು ಇಟ್ಟಿದ್ದೇನೆ. ಅರ್ಧ ಮನೆಯಲ್ಲೇ ಹಿಂಡಿದ್ದು, ಉಳಿದದ್ದು ಅಂಗಡಿಯ ಪೊಟ್ಟಣದ ರಸ. ಬೇಕರಿಯವರ ಒಣ ಯೀಸ್ಟ್ ಹಾಕಿದ ಮೇಲೆ ನೊರೆ ಬಂದಿತಾದರೂ, ಹೈಡ್ರೋಮೀಟರ್ (ರಸದ ಸಾಂದ್ರತೆ ಅಳೆಯುವ ಸಾಧನ; ಸಕ್ಕರೆ ಕರಗಿದಂತೆ ಅಳತೆ ಇಳಿಯುತ್ತದೆ) 1.050ರಿಂದ 1.032ಕ್ಕೆ ಇಳಿದ ಬಳಿಕ ಕದಲುತ್ತಲೇ ಇಲ್ಲ. ಭರಣಿ ಇರುವುದು ಹಂಚಿನಡಿಯ ಅಟ್ಟದಲ್ಲಿ. ಸಕ್ಕರೆ ಸೇರಿಸಿದರೆ ಚುರುಕಾಗುತ್ತದೆಂದು ನೆರೆಮನೆಯ ಮಾವ ಹೇಳುತ್ತಾರೆ. ಅದು ಸರಿಯೇ?

ಉತ್ತರ (ಪೆರ್ಲ):
ಸಕ್ಕರೆ ಖಂಡಿತ ಬೇಡ. ನಿಮ್ಮ ಅಳತೆಯ ಪ್ರಕಾರ ಅರ್ಧಕ್ಕಿಂತ ಹೆಚ್ಚು ಸಕ್ಕರೆ ಇನ್ನೂ ಉಳಿದಿದೆ, ಮದ್ಯಸಾರವೂ ಶೇ. 2.3ರಷ್ಟು ಮಾತ್ರ ಆಗಿರುವುದರಿಂದ ಯೀಸ್ಟ್ ಅದಕ್ಕೆ ಸೋತಿರಲಾರದು. ನನಗೆ ಮೊದಲು ಅನುಮಾನ ಬರುವುದು ಅಟ್ಟದ ಮೇಲೆ. ಸೇಬಿನ ರಸವನ್ನು ಹುದುಗಿಸುವ ತಂಪು ದೇಶಗಳಲ್ಲಿ ಅದನ್ನು 15ರಿಂದ 20 ಡಿಗ್ರಿಯಲ್ಲಿ ಇಡುತ್ತಾರೆ, ನಮ್ಮ ಬೇಸಗೆಯಲ್ಲಿ ಹಂಚಿನಡಿ 35 ದಾಟುವುದು ಅಪರೂಪವೇನಲ್ಲ. ಭರಣಿಯನ್ನು ಕೆಳಗಿನ ಕೋಣೆಯ ನೆಲದ ಮೇಲಿಟ್ಟು ಒದ್ದೆ ಬೈರಾಸು ಸುತ್ತಿರಿ.

ಉತ್ತರ (ಮುಳ್ಳೇರಿಯ):
ಸೆಕೆಯ ವಿಚಾರ ಒಪ್ಪುತ್ತೇನೆ, ಆದರೆ ಪೊಟ್ಟಣದ ಹಿಂಬದಿಯನ್ನೂ ಓದಿ ನೋಡಿ. ಅಲ್ಲಿ 202 ಎಂದಿದ್ದರೆ ಅದು ಪೊಟ್ಯಾಸಿಯಂ ಸಾರ್ಬೇಟ್, 211 ಎಂದಿದ್ದರೆ ಸೋಡಿಯಂ ಬೆಂಜೊಯೇಟ್; ಎರಡೂ ರಸ ಕೆಡದಂತೆ ಹಾಕುವ ಸಂರಕ್ಷಕಗಳು. ಸಾರ್ಬೇಟ್ ಯೀಸ್ಟನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದರ ಸಂತತಿ ಬೆಳೆಯದಂತೆ ತಡೆಯುತ್ತದೆ. ಆದ್ದರಿಂದ ಹಾಕಿದಷ್ಟು ಯೀಸ್ಟ್ ಕೆಲಸ ಆರಂಭಿಸಿ, ಹೊಸತು ಹುಟ್ಟದೆ, ನಿಮ್ಮಲ್ಲಿ ಆದಂತೆಯೇ ನಡುವೆ ಸೋಲುತ್ತದೆ. ಸೇಬಿನ ರಸದಲ್ಲಿ ಯೀಸ್ಟಿಗೆ ಆಹಾರವಾಗಿ ಬೇಕಾದ ಸಾರಜನಕವೂ ಸಾಮಾನ್ಯವಾಗಿ ಕಡಿಮೆ. ಅದಕ್ಕೆ ಡಿಎಪಿ (ಡೈಅಮೋನಿಯಂ ಫಾಸ್ಫೇಟ್, ಸಾರಜನಕವಿರುವ ಲವಣ) ಹಾಕುವ ಪದ್ಧತಿ ಇದೆಯೆಂದು ಓದಿ, ಅಡಕೆ ತೋಟದ ಗೊಬ್ಬರದ ಗೋಣಿಗೆ ಕೈ ಹಾಕಬೇಡಿ! ಒಂದು ಚಮಚ ಯೀಸ್ಟನ್ನು ನೀರಿನಲ್ಲಿ ಕುದಿಸಿ ಆರಿಸಿ ಸೇರಿಸಿದರೆ ಸತ್ತ ಕೋಶಗಳೇ ಬದುಕಿರುವವಕ್ಕೆ ಆಹಾರವಾಗುತ್ತವೆ.

ಪ್ರಶ್ನೆ ಕೇಳಿದವರು:
ಪೊಟ್ಟಣದಲ್ಲಿ 202 ಇದೆ. ಇಷ್ಟೂ ರಸವನ್ನು ಚೆಲ್ಲಬೇಕೇ?

ಉತ್ತರ (ಮುಳ್ಳೇರಿಯ):
ಬೇಕಾಗಿಲ್ಲ. ಸಂರಕ್ಷಕವಿಲ್ಲದ ತಾಜಾ ರಸದಲ್ಲಿ ಹೊಸ ಯೀಸ್ಟನ್ನು ನೊರೆಯುಕ್ಕುವವರೆಗೆ ಬೆಳೆಸಿ, ಹಳೆಯ ರಸವನ್ನು ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋಗಿ. ತಿರುಗಿಸಿ ಮಾಡಿದರೆ, ಅಂದರೆ ಭರಣಿಗೇ ಯೀಸ್ಟ್ ಸುರಿದರೆ, ಮತ್ತೆ ಅದೇ ಕಥೆ.

ಉತ್ತರ (ಮಂಜೇಶ್ವರ):
ಅಳತೆ 1.000ದ ಆಸುಪಾಸಿಗೆ ಬರುವವರೆಗೆ ಬಾಯಿಗೆ ಬಟ್ಟೆ ಕಟ್ಟಿಡಬೇಡಿ, ಅನಿಲ ಹೊರಹೋಗುವ ಮುಚ್ಚಳವೇ ಇರಲಿ. ಗಾಳಿ ಮೊದಲೇ ಸಿಕ್ಕಿದರೆ ಹುಳಿಯ ಬ್ಯಾಕ್ಟೀರಿಯಾ ಬೆಳೆದು ಯೀಸ್ಟನ್ನು ಇನ್ನಷ್ಟು ಕುಂದಿಸುತ್ತದೆ. ಆಮೇಲೆ ಮಾತ್ರ ಅಗಲ ಬಾಯಿಯ ಪಾತ್ರೆಗೆ ಬಗ್ಗಿಸಿ, ಬಟ್ಟೆ ಕಟ್ಟಿ, ಪಾಶ್ಚರೀಕರಿಸದ (ಅಂದರೆ ಬಿಸಿಮಾಡಿ ಬ್ಯಾಕ್ಟೀರಿಯಾ ಕೊಲ್ಲದ) ಹಳೆಯ ವಿನೆಗರ್ ಸೇರಿಸಿ. ಕೇರಳದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯಿದೆಯಂತೆ ಅಪರಾಧ, ಹಾಗಾಗಿ ಮದ್ಯಸಾರವನ್ನು ವಿನೆಗರ್ ಆಗಿಸುವ ಈ ಎರಡನೆಯ ಹಂತವನ್ನು ಮುಂದೂಡಬೇಡಿ.